ಜಾಕಾಲ್ ಸಿನಿಮಾ ನೋಡಿ ಆಗಿದೆ, ಇನ್ನು ಪುಸ್ತಕ ಓದಬೇಕಾ?

‘ದಿ ಡೇ ಆಫ್ ದಿ ಜಾಕಾಲ್’ ಹಳೇ ಸಿನಿಮಾ ನೋಡಿದ್ದೀರಿ, ಕಥೆ ಪೂರ್ತಿ ಗೊತ್ತು, ಇನ್ನು ಕಾದಂಬರಿ ಓದಿ ಏನು ಪ್ರಯೋಜನ ಅಂತ ಕೇಳಿದ್ದೀರಿ. ಓದಿ. ಈ ಕಥೆಯ ಕೊನೆ ಪುಸ್ತಕ ಬರುವ ಮೊದಲೇ ಎಲ್ಲರಿಗೂ ಗೊತ್ತಿತ್ತು. 1963ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಮುಗಿಸೋಕೆ ‘ಜಾಕಾಲ್’ ಅನ್ನೋ ಗುಪ್ತನಾಮದ ಬಾಡಿಗೆ ಹಂತಕನೊಬ್ಬ ಐದು ಲಕ್ಷ ಡಾಲರ್ ಸುಪಾರಿ ತಗೊಳ್ಳುತ್ತಾನೆ. ಆದರೆ ಡಿ ಗಾಲ್ ತೀರಿಕೊಂಡಿದ್ದು 1970ರಲ್ಲಿ, ತಮ್ಮ ಮನೆಯಲ್ಲೇ. ಸಾಯಲ್ಲ ಅಂತ ಗೊತ್ತಿರುವವನನ್ನು ಕೊಲ್ಲೋ ಕಥೆ ಯಾರು ಓದ್ತಾರೆ ಅಂತ ಕೆಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರಂತೆ. 1971ರಲ್ಲಿ ಅಚ್ಚಾಯಿತು, ಆಮೇಲೆ ನಡೆದದ್ದು ಗೊತ್ತೇ ಇದೆ.

ಪುಸ್ತಕ ಬರೆದ ಫ್ರೆಡರಿಕ್ ಫೋರ್ಸೈತ್ ಮೊದಲು ಪ್ಯಾರಿಸ್ಸಿನಲ್ಲಿ ರಾಯ್ಟರ್ಸ್ ವರದಿಗಾರರಾಗಿದ್ದವರು, ಅದು ಪುಟಪುಟದಲ್ಲೂ ಕಾಣುತ್ತೆ. ನನಗೆ ಗನ್ನಿಗಿಂತ ಹಿಡಿಸಿದ್ದು ಪಾಸ್‌ಪೋರ್ಟ್ ಭಾಗ. ಜಾಕಾಲ್ ಹಳ್ಳಿ ಚರ್ಚುಗಳ ಸ್ಮಶಾನ ಸುತ್ತಿ, ಚಿಕ್ಕಂದಿನಲ್ಲೇ ತೀರಿಕೊಂಡ, ಬದುಕಿದ್ದರೆ ಈಗ ತನ್ನ ವಯಸ್ಸಿನವನೇ ಆಗಿರುತ್ತಿದ್ದ ಮಗುವಿನ ಸಮಾಧಿ ಹುಡುಕುತ್ತಾನೆ, ಆ ಹೆಸರಲ್ಲಿ ಜನನ ಪ್ರಮಾಣಪತ್ರ ತೆಗೆಸುತ್ತಾನೆ, ಅದನ್ನಿಟ್ಟು ಅಸಲಿ ಪಾಸ್‌ಪೋರ್ಟನ್ನೇ ಪಡೆಯುತ್ತಾನೆ. ಅಷ್ಟೇ. ನನ್ನ ಹೆಸರಿನ ಒಂದು ಅಕ್ಷರ ಸರಿಮಾಡಿಸೋಕೆ ಇಲ್ಲಿನ ಒಂದು ಕಚೇರಿಗೆ ಮೂರು ಸಲ ಅಲೆದವನು ನಾನು, ಹೊಟ್ಟೆ ಉರಿಯದೇ ಇರುತ್ತಾ? ಮೆಟ್ರೋದಲ್ಲಿ ನಿಂತುಕೊಂಡೇ ಅದನ್ನು ಓದುತ್ತಾ ಮೆಜೆಸ್ಟಿಕ್ ಬಿಟ್ಟು ಮಂತ್ರಿ ಸ್ಕ್ವೇರ್‌ನಲ್ಲಿ ಇಳಿದೆ. ಸಿನಿಮಾದಲ್ಲಿ ಇದು ಬೇಗ ಬಂದು ಹೋಗುತ್ತೆ. ಪುಸ್ತಕದಲ್ಲಿ ನಿಧಾನ, ಹಾಗಾಗಿ ಮುಂದೆ ಲಂಡನ್ ಪೊಲೀಸರು ಸತ್ತವರ ಪಟ್ಟಿಯನ್ನೂ ಪಾಸ್‌ಪೋರ್ಟ್ ಅರ್ಜಿಗಳನ್ನೂ ತಾಳೆ ನೋಡಲು ಕೂತಾಗ, ಅವನು ನುಗ್ಗಿದ ಕಿಂಡಿಯಲ್ಲೇ ಇವರೂ ಬಂದರಲ್ಲ ಅಂತ ಎದೆ ಝಲ್ ಅನ್ನುತ್ತೆ.

ಆದರೆ ಸಿನಿಮಾ ಗೆಲ್ಲೋ ಜಾಗವೂ ಇದೆ. ಫ್ರೆಡ್ ಝಿನ್ನೆಮನ್ 1973ರಲ್ಲಿ ಮಾಡಿದ್ದು, ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬನಶಂಕರಿಯ ಚಿಕ್ಕಪ್ಪನ ಮನೆಯಲ್ಲಿ ಹಾಕಿದ್ದೆ. ಜಾಕಾಲ್ ಕಾಡಿನಲ್ಲಿ ತಲೆ ಗಾತ್ರದ ಹಣ್ಣೊಂದನ್ನು ಮರಕ್ಕೆ ನೇತುಹಾಕಿ ಗುರಿ ಸರಿಮಾಡಿಕೊಳ್ಳುತ್ತಾನಲ್ಲ, ಗುಂಡು ಹಾರಿಸೋದು, ಸ್ಕ್ರೂ ಒಂಚೂರು ತಿರುಗಿಸೋದು, ಮತ್ತೆ ಹಾರಿಸೋದು. ಚಿಕ್ಕಪ್ಪ “ಏನೋ ಇದು, ಸೌಂಡೇ ಇಲ್ವಲ್ಲ” ಅಂತ ರಿಮೋಟ್ ಕಿತ್ಕೊಂಡು ವಾಲ್ಯೂಮ್ ಏರಿಸಿದರು. ಅಷ್ಟರಲ್ಲಿ ಕೊನೆಯ ಗುಂಡು, ಹಣ್ಣು ಚೂರುಚೂರು, ಅಡುಗೆಮನೆಯಿಂದ ಚಿಕ್ಕಮ್ಮ ಸೌಟು ಹಿಡಿದೇ ಓಡಿ ಬಂದರು. ಪುಸ್ತಕದಲ್ಲಿ ಆ ಭಾಗ ಓದಿದಾಗ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಪುಸ್ತಕದ ಶುರುವಿನಲ್ಲಿ ಅಲ್ಜೀರಿಯಾ ರಾಜಕೀಯ (ಅದನ್ನು ಬಿಟ್ಟುಕೊಟ್ಟರು ಅಂತಲೇ ಡಿ ಗಾಲ್ ಮೇಲೆ ಸುಪಾರಿ ಕೊಟ್ಟವರ ಸಿಟ್ಟು) ಸ್ವಲ್ಪ ಜಾಸ್ತಿ, ಸಹಿಸಿಕೊಳ್ಳಿ. ಬ್ರೂಸ್ ವಿಲ್ಲಿಸ್ ಇರುವ 1997ರ ಸಿನಿಮಾವನ್ನು ಇದರ ಜೊತೆ ಹೋಲಿಸಲೇಬೇಡಿ.

ಇನ್ನು ಆ ಕೊನೆ. ಡಿ ಗಾಲ್ ಮುಂದಕ್ಕೆ ಬಾಗುತ್ತಾರೆ, ಗುಂಡು ತಪ್ಪುತ್ತೆ. ಸಿನಿಮಾ ಅದನ್ನು ಬರೀ ತೋರಿಸುತ್ತೆ. ಪುಸ್ತಕ ಕಾರಣವನ್ನೂ ಹೇಳುತ್ತೆ: ಪದಕ ತೊಡಿಸಿ ಕೆನ್ನೆಗೆ ಮುತ್ತು ಕೊಡೋದು ಫ್ರೆಂಚರ ಪದ್ಧತಿ, ತಿಂಗಳುಗಟ್ಟಲೆ ಲೆಕ್ಕ ಹಾಕಿದವನ ತಲೆಗೆ ಅದೊಂದು ಹೊಳೆದಿರಲಿಲ್ಲ. ಆಮೇಲೆ ಬಾಗಿಲಲ್ಲಿ, ಜಾಕಾಲ್‌ನ ಬೆನ್ನುಹತ್ತಿದ್ದ ಫ್ರೆಂಚ್ ಪತ್ತೇದಾರ ಲೆಬೆಲ್. ಇಬ್ಬರೂ ಮುಖಾಮುಖಿ ಆಗೋದು ಅದೇ ಮೊದಲು. ಸಿನಿಮಾದಲ್ಲಿ ದಡಬಡ ಮುಗಿದುಹೋಗುತ್ತೆ. ಪುಸ್ತಕದಲ್ಲಿ ಒಬ್ಬ “ಶಕಾಲ್” ಅನ್ನುತ್ತಾನೆ, ಫ್ರೆಂಚಿನಲ್ಲಿ ಜಾಕಾಲ್. ಇನ್ನೊಬ್ಬ “ಲೆಬೆಲ್” ಅನ್ನುತ್ತಾನೆ. ಜಾಕಾಲ್ ಕೈಯಲ್ಲಿ ಇನ್ನೊಂದು ಗುಂಡು ತುಂಬುತ್ತಲೇ ಇರುತ್ತಾನೆ.