ಬಿದರಿ ಶೋಕೇಸಿನ ಎರಡು ಬಣ್ಣದ ಎಲ್‌ಇಡಿಗೆ ಅಗ್ಗದ ಡಿಮ್ಮರ್

ಶರಣು ಬೀದರಿನವರಿಗೆ. ನೀವು ಕೇಳಿದ್ದು ಇಷ್ಟು: ಬಿದರಿ ಸಾಮಾನಿನ ಶೋಕೇಸಿಗೆ 24 ವೋಲ್ಟಿನ 5 ಮೀಟರ್ ಸ್ಟ್ರಿಪ್ ಹಾಕಿದ್ದೀರಿ. ಅದರಲ್ಲಿ ವಾರ್ಮ್ ಮತ್ತು ಕೂಲ್ ಎರಡೂ ಬಿಳಿ ಇವೆ, ಒಂದೊಂದೂ ಮೀಟರಿಗೆ 10 ವ್ಯಾಟ್. ಈಗಿರುವ ಡಿಮ್ಮರಿನಲ್ಲಿ ಮೊಬೈಲ್ ವಿಡಿಯೋ ತೆಗೆದರೆ ಪಟ್ಟೆ ಓಡುತ್ತವೆ. ಬೆಳಕು ಇಳಿಸುತ್ತಾ ಹೋದರೆ ಕೊನೆಯಲ್ಲಿ ಜಿಗಿದು ಜಿಗಿದು ಇಳಿಯುತ್ತದೆ. ಕಡಿಮೆ ಖರ್ಚಿನಲ್ಲಿ ನಾವೇ ಮಾಡಿಕೊಳ್ಳಬಹುದಾ?

ಖಂಡಿತ ಮಾಡಬಹುದು. ಆದರೆ ದುಡ್ಡು ಹೋಗುವುದು ಡಿಮ್ಮರಿಗಲ್ಲ, ಮನೆಯ ಕರೆಂಟನ್ನು 24 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್‌ಗೆ. ಎರಡೂ ಬಣ್ಣ ಪೂರ್ತಿ ಹತ್ತಿದರೆ 100 ವ್ಯಾಟ್, ಅಂದರೆ 4.2 ಆಂಪ್. ಅದಕ್ಕೆ ದೊಡ್ಡ ಎಸ್‌ಎಂಪಿಎಸ್ಸೇ ಬೇಕು. ಆದರೆ ಶೋಕೇಸಿಗೆ ಅಷ್ಟು ಬೆಳಕು ಯಾಕೆ? ಡಿಮ್ಮರಿಗೆ ಆರ್ಡುಯಿನೋ ನ್ಯಾನೋ ಅನ್ನುವ, ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡ್ ಬಳಸೋಣ. ಎರಡೂ ಚಾನೆಲ್ (ಒಂದೊಂದು ಬಣ್ಣಕ್ಕೆ ಒಂದೊಂದು ಲೈನು) ಕೂಡಿದರೆ 100% ದಾಟಬಾರದು ಅಂತ ಅದರ ಪ್ರೋಗ್ರಾಮಿನಲ್ಲೇ ಕಟ್ಟಿಬಿಡಿ. ಆಗ ಲೋಡ್ 50 ವ್ಯಾಟಿನ ಮೇಲೆ ಹೋಗುವುದಿಲ್ಲ, 24 ವೋಲ್ಟ್ 3 ಆಂಪಿನದು ಸಾಕು. ಇನ್ನೂ ಚಿಕ್ಕದು ತರಲು ಹೋಗಬೇಡಿ. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, ಮುಚ್ಚಿದ ಮರದ ಶೋಕೇಸಿನೊಳಗೆ ಎಸ್‌ಎಂಪಿಎಸ್ ಪಾಡು ಇನ್ನೂ ಕಷ್ಟ.

ಮೊತ್ತ ಕಟ್ಟಿದರಷ್ಟೇ ಸಾಲದು. ಇಂಥ ಡಿಮ್ಮರ್ ಬೆಳಕು ಇಳಿಸುವುದು ಸ್ಟ್ರಿಪ್ಪನ್ನು ಬಹಳ ವೇಗವಾಗಿ ಆನ್-ಆಫ್ ಮಾಡಿ. ಎರಡೂ ಚಾನೆಲ್ ಒಂದೇ ಕ್ಷಣಕ್ಕೆ ಆನ್ ಆದರೆ ಆ ಕ್ಷಣದ ಕರೆಂಟ್ ಮತ್ತೆ 4.2 ಆಂಪೇ. ಇದಕ್ಕೆ ಆರ್ಡುಯಿನೋ ನ್ಯಾನೋದಲ್ಲಿ ಪುಕ್ಕಟೆ ಪರಿಹಾರ ಇದೆ. 9 ಮತ್ತು 10ನೇ ಪಿನ್ ಎರಡನ್ನೂ ಆನ್-ಆಫ್ ಮಾಡುವುದು ಚಿಪ್ಪಿನೊಳಗಿನ ಒಂದೇ ಎಣಿಕೆಗಾರ, ಟೈಮರ್ 1. ಟೈಮರನ್ನು ಮೋಡ್ 14ಕ್ಕೆ ಹಾಕಿ, ಐಸಿಆರ್1ಕ್ಕೆ (ಎಲ್ಲಿವರೆಗೆ ಎಣಿಸಬೇಕು ಅನ್ನುವ ಅಂಕಿ) 4095 ಕೊಡಿ, ಪ್ರಿಸ್ಕೇಲರ್ (ಕ್ಲಾಕನ್ನು ಭಾಗಿಸುವ ಅಂಕಿ) 1. 16 ಮೆಗಾಹರ್ಟ್ಸ್ ಭಾಗಿಸು 4096, ಸುಮಾರು 3900 ಹರ್ಟ್ಸ್ ಬರುತ್ತದೆ, ಅದೂ 12 ಬಿಟ್ಟಿನಲ್ಲಿ, ಅಂದರೆ ಬೆಳಕಿಗೆ 4096 ಮೆಟ್ಟಿಲು. ಈಗ 9ನೇ ಪಿನ್ ನೇರ, 10ನೇ ಪಿನ್ ಇನ್ವರ್ಟ್ ಮಾಡಿ. ಒಂದು ಸೈಕಲ್ಲಿನ ಆರಂಭದಿಂದ ವಾರ್ಮ್ ಹತ್ತುತ್ತದೆ, ಕೂಲ್ ಸೈಕಲ್ಲಿನ ಕೊನೆಗೆ ಒತ್ತಿಕೊಂಡು ಹತ್ತುತ್ತದೆ. ಮೊತ್ತ 4095 ದಾಟದಿದ್ದರೆ ಇಬ್ಬರೂ ಎದುರಾಗುವುದೇ ಇಲ್ಲ. ಕೂಲ್ ಬೆಲೆಯನ್ನು 4095ರಿಂದ ಕಳೆದು ಬರೆಯಬೇಕು, ಅಷ್ಟೇ.

ನಿಮ್ಮ ಪಟ್ಟೆಯ ಕಾಟವೂ ಇದರಲ್ಲೇ ತೀರುತ್ತದೆ. ಅದೇ ನ್ಯಾನೋದಲ್ಲಿ ಸುಮ್ನೆ ಅನಲಾಗ್‌ರೈಟ್ (ಆರ್ಡುಯಿನೋದ ರೆಡಿಮೇಡ್ ಡಿಮ್ಮಿಂಗ್ ಆಜ್ಞೆ) ಕೊಟ್ಟರೆ ಈ ಪಿನ್‌ಗಳಲ್ಲಿ ಬರುವುದು 490 ಹರ್ಟ್ಸ್. ಮೊಬೈಲ್ ಶಟರ್ ಸೆಕೆಂಡಿನ 500ನೇ ಒಂದು ಭಾಗಕ್ಕೆ ಇಳಿದರೆ ಒಂದು ಫ್ರೇಮಿನ ಸಾಲಿಗೆ ಒಂದು ಸೈಕಲ್ ಸಿಗುವುದೂ ಕಷ್ಟ, ಪಟ್ಟೆ ಬರದೆ ಏನು ಮಾಡುತ್ತದೆ? ಎರಡು ಬಣ್ಣ ಸರದಿಯಲ್ಲಿ ಹತ್ತುವಾಗಂತೂ ಹಳದಿ, ನೀಲಿ ಪಟ್ಟೆಗಳೇ ಬರುತ್ತವೆ. 3900ರಲ್ಲಿ ಸಾಮಾನ್ಯ ಶಟರಿಗೆ ಅದು ಕಾಣಿಸುವುದಿಲ್ಲ.

ಇನ್ನು ಜಿಗಿತ. ನಮ್ಮ ಕಣ್ಣು ಮಂದ ಬೆಳಕಿನ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. 8 ಬಿಟ್ಟಿನಲ್ಲಿ (256 ಮೆಟ್ಟಿಲು) 1ರಿಂದ 2ಕ್ಕೆ ಹೋದರೆ ಬೆಳಕು ಒಮ್ಮೆಗೇ ಎರಡು ಪಟ್ಟು. 12 ಬಿಟ್ ಬೇಕು ಅನ್ನುವುದು ಇದಕ್ಕೇ. ತಿರುಗಿಸಲು ಎರಡು ನಾಬ್ ಇರಲಿ, ಒಂದು ಬೆಳಕಿಗೆ, ಒಂದು ಬಣ್ಣಕ್ಕೆ. ಬೆಳಕಿನ ನಾಬಿನ ಬೆಲೆಯನ್ನು (0ರಿಂದ 1ರ ಅಳತೆಯಲ್ಲಿ) 2.2ರ ಘಾತಕ್ಕೆ ಏರಿಸಿ. ನಾಬ್ ಅರ್ಧದಲ್ಲಿದ್ದಾಗ ಡ್ಯೂಟಿ (ಸೈಕಲ್ಲಿನಲ್ಲಿ ಆನ್ ಇರುವ ಪಾಲು) ಸುಮಾರು 22%, ಕಣ್ಣಿಗೆ ಅದೇ ಅರ್ಧ ಅನ್ನಿಸುತ್ತದೆ. ಒಂದು ಎಚ್ಚರ: ಈ ಕರ್ವ್ ಒಟ್ಟು ಬೆಳಕಿಗೆ ಮಾತ್ರ. ಮೊದಲು ಬೆಳಕಿನ ನಾಬಿನಿಂದ ಮೊತ್ತ ತೆಗೆಯಿರಿ, ಆಮೇಲೆ ಬಣ್ಣದ ನಾಬಿನ ಪ್ರಕಾರ ಹಂಚಿ. ಒಂದೊಂದು ಚಾನೆಲ್ಲಿಗೆ ಬೇರೆ ಬೇರೆ ಹಾಕಿದರೆ ಬಣ್ಣದ ನಾಬ್ ನಡುವೆ ಬಂದಾಗ 22 ಮತ್ತು 22, ಮೊತ್ತ 44%ಕ್ಕೆ ಕುಸಿದು ಶೋಕೇಸ್ ಮಂಕಾಗುತ್ತದೆ.

ಬಣ್ಣದ ಲೆಕ್ಕವೂ ಸರಾಸರಿ ಅಲ್ಲ. 2700 ಮತ್ತು 6500 ಕೆಲ್ವಿನ್ ಸಮ ಬೆಳಕಿನಲ್ಲಿ ಬೆರೆಸಿದರೆ 4600 ಬರುವುದಿಲ್ಲ, 4000ದ ಆಸುಪಾಸು ಬರುತ್ತದೆ. ನಾಬಿನ ಸುತ್ತ ಕೆಲ್ವಿನ್ ಅಂಕಿ ಬರೆಯುವ ಉಸಾಬರಿ ಬಿಡಿ, ಒಂದು ಬಿದರಿ ಹೂಜಿ ಎದುರಿಗಿಟ್ಟು ಕಣ್ಣಿನಿಂದಲೇ ಹೊಂದಿಸಿ. ಪೂರ್ತಿ ವಾರ್ಮ್ ಆದರೆ ಬೆಳ್ಳಿ ಹಿತ್ತಾಳೆ ಥರ ಕಾಣುತ್ತದೆ. ಪೂರ್ತಿ ಕೂಲ್ ಆದರೆ ಬೆಳ್ಳಿಗೇನೂ ಆಗುವುದಿಲ್ಲ, ಆದರೆ ಬೀದರ್ ಕೋಟೆ ಮಣ್ಣಿನಲ್ಲಿ ಬಂದ ಬಿದರಿಯ ಆ ಕಪ್ಪು ಯಾಕೋ ಸಪ್ಪೆ ಅನ್ನಿಸುತ್ತದೆ. ನನಗೆ ನಡುವಿಗಿಂತ ಸ್ವಲ್ಪ ಕೂಲ್ ಕಡೆ ಇಟ್ಟರೆ ಇಷ್ಟ.

ಉಳಿದದ್ದು ಸಣ್ಣಪುಟ್ಟ. ನ್ಯಾನೋ ಹೇಳಿದಂತೆ ಸ್ಟ್ರಿಪ್ಪನ್ನು ಆನ್-ಆಫ್ ಮಾಡುವ ಸ್ವಿಚ್ಚೇ ಮಾಸ್‌ಫೆಟ್, ಅದರ ಗೇಟ್ ಅನ್ನುವ ಕಾಲಿಗೆ ನ್ಯಾನೋ ಪಿನ್ ಬರುತ್ತದೆ. ಮಾಸ್‌ಫೆಟ್‌ಗೆ ಐಆರ್‌ಎಲ್‌ಝಡ್44ಎನ್ ಎರಡು. ಅಂಗಡಿಯವರು ಎರಡೂ ಒಂದೇ ಅಂತ ಐಆರ್‌ಎಫ್‌ಝಡ್44ಎನ್ ಕೊಟ್ಟರೆ ವಾಪಸ್ ಕೊಡಿ, ಅದು 5 ವೋಲ್ಟಿಗೆ ಪೂರ್ತಿ ತೆರೆಯುವುದಿಲ್ಲ, ಬಿಸಿಯಾಗುತ್ತದೆ. ಸರಿಯಾದದ್ದರಲ್ಲಿ 2.1 ಆಂಪಿಗೆ ಹೀಟ್‌ಸಿಂಕೇ ಬೇಡ. ಗೇಟಿಗೆ 100 ಓಮ್ ಸರಣಿಯಲ್ಲಿ, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಇದಿಲ್ಲದಿದ್ದರೆ ಕರೆಂಟ್ ಬಂದಾಗಲೆಲ್ಲ ಶೋಕೇಸ್ ಫಳ್ ಅಂತ ಮಿಂಚಬಹುದು. ನ್ಯಾನೋಗೆ 24 ವೋಲ್ಟ್ ನೇರ ಕೊಡಬೇಡಿ, ಎಲ್‌ಎಂ2596 ಮಾಡ್ಯೂಲಿನಲ್ಲಿ 5ಕ್ಕೆ ಇಳಿಸಿ. ನಾಬಿನ ರೀಡಿಂಗ್ ಸ್ವಲ್ಪ ನಡುಗುತ್ತಲೇ ಇರುತ್ತದೆ, 16 ಸಲ ಓದಿ ಸರಾಸರಿ ತೆಗೆಯಿರಿ. ಬೆಳಕು ಸೊನ್ನೆಗೆ ತಂದರೂ ವಾರ್ಮ್ ಮಿಣಿಮಿಣಿ ಅಂತ ಉಳಿದರೆ ಗಾಬರಿ ಬೇಡ. ನೇರ ಚಾನೆಲ್ಲಿನಲ್ಲಿ ಸೊನ್ನೆ ಬರೆದರೂ ಟೈಮರ್ ಒಂದು ಕ್ಲಾಕಿನ ಪಲ್ಸ್ ಬಿಡುತ್ತದೆ. ಸೊನ್ನೆ ಬಂದಾಗ ಪಿನ್ನನ್ನು ಟೈಮರಿನಿಂದ ಬಿಡಿಸಿ ಲೋ ಮಾಡಿ.

ಸ್ಟ್ರಿಪ್ಪನ್ನು ಹಾಲುಬಣ್ಣದ ಮುಚ್ಚಳದ ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ. ಪಾಲಿಶ್ ಮಾಡಿದ ಬೆಳ್ಳಿಯಲ್ಲಿ ಎಲ್‌ಇಡಿ ಚುಕ್ಕೆಗಳು ಸಾಲಾಗಿ ಕಾಣುತ್ತವೆ, ಅದನ್ನು ಯಾವ ಡಿಮ್ಮರೂ ಸರಿಮಾಡುವುದಿಲ್ಲ. ಮತ್ತೆ ಫ್ಯಾನ್ ರೆಗ್ಯುಲೇಟರನ್ನು ಎಸ್‌ಎಂಪಿಎಸ್ ಮುಂಚಿನ ಮೇನ್ಸ್ ಲೈನಿನಲ್ಲಿ ಹಾಕಿ ಅಂತ ಈ ಚರ್ಚೆಯಲ್ಲಿ ಇನ್ನೊಬ್ಬರು ಹೇಳಿದ್ದಾರೆ. ದಯವಿಟ್ಟು ಬೇಡ, ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಮಾಡಿದ್ದಲ್ಲ, ಮಿನುಗುತ್ತದೆ, ಕೆಡಲೂಬಹುದು.

ಸಾಮಾನು ತರುವ ಮೊದಲು ಸ್ಟ್ರಿಪ್ಪಿನ ತುದಿ ನೋಡಿ ಹೇಳಿ. ಮೂರು ತಂತಿ ಇದ್ದು ಪ್ಲಸ್ ಒಂದೇ ಆಗಿದ್ದರೆ ಮೇಲಿನದ್ದು ಹಾಗೇ ನಡೆಯುತ್ತದೆ. ಎರಡೇ ತಂತಿ ಇದ್ದರೆ ಪ್ಲಸ್ ಮೈನಸ್ ತಿರುಗಿಸಿ ಬಣ್ಣ ಬದಲಿಸುವ ಜಾತಿ ಅದು, ಎರಡು ಮಾಸ್‌ಫೆಟ್ ಸಾಲುವುದಿಲ್ಲ, ಪ್ಲಸ್ ಮೈನಸ್ ತಿರುಗಿಸುವ ಎಚ್-ಬ್ರಿಡ್ಜ್ ಸರ್ಕ್ಯೂಟ್ ಹಾಕಬೇಕಾಗುತ್ತದೆ.