ಹದಿನಾಲ್ಕು ತಿಂಗಳ ಲೆಕ್ಕ

ವಿರಾಜಪೇಟೆ ತಾಲೂಕಿನ ನಿವೃತ್ತ ಹವಾಲ್ದಾರರೊಬ್ಬರು ಏಳು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗ 2004ರಲ್ಲಿ ಸೇನೆಗೆ ಸೇರಿದವರು. ಅದೇ ರ‍್ಯಾಲಿಯಲ್ಲಿ ಆಯ್ಕೆಯಾಗಿ ಅದೇ ರೆಜಿಮೆಂಟಿಗೆ ಹೋದ ಪಕ್ಕದ ಮನೆಯ ಹುಡುಗ 2022ರ ಫೆಬ್ರವರಿ 1ರಂದು ಹವಾಲ್ದಾರ್ ಹುದ್ದೆಯಿಂದ ಮೇಲೇರಿ ನಾಯಬ್ ಸುಬೇದಾರರಾದರು. ಇವರ ಮಗನಿಗೆ ಆ ಬಡ್ತಿ ಸಿಕ್ಕಿದ್ದು 2023ರ ನವೆಂಬರ್ 1ರಂದು. “ಮಗನ ಇಪ್ಪತ್ತೊಂದು ತಿಂಗಳನ್ನು ನುಂಗಿ ನೀರು ಕುಡಿದಿದ್ದಾರೆ. ಬಡ್ತಿಯ ದಿನಾಂಕ ಸರಿಪಡಿಸಿಕೊಳ್ಳುವುದು ಹೇಗೆ? ಕಾರ್ಯಪ್ಪ, ತಿಮ್ಮಯ್ಯನವರು ಹುಟ್ಟಿದ ನಾಡಿನವನಿಗೇ ಹೀಗಾದರೆ ಉಳಿದವರ ಗತಿ ಏನು? ರೆಜಿಮೆಂಟಿನ ಹೆಸರು, ಗುಮಾಸ್ತನ ಹೆಸರು ಹಾಕಿ ಪ್ರಕಟಿಸಿ” ಎಂಬುದು ಪತ್ರದ ಸಾರ.

ಹವಾಲ್ದಾರರೆ, ನಮಸ್ಕಾರ.

ಮೊದಲು ನಮ್ಮಿಬ್ಬರ ಜಗಳ ಮುಗಿಸಿಕೊಳ್ಳೋಣ. ಹೆಸರುಗಳನ್ನು ನಾನು ಪ್ರಕಟಿಸುವುದಿಲ್ಲ. ಸೇವೆಯಲ್ಲಿರುವ ಸೈನಿಕ ಸೇನೆಯ ವಿಷಯವನ್ನು ಅನುಮತಿಯಿಲ್ಲದೆ, ನೇರವಾಗಿಯಾಗಲಿ ಬಳಸು ದಾರಿಯಲ್ಲಾಗಲಿ, ಪತ್ರಿಕೆಗಳಿಗೆ ತಿಳಿಸುವಂತಿಲ್ಲ ಎಂದು 1954ರ ಸೇನಾ ನಿಯಮಗಳು ಹೇಳುತ್ತವೆ. ಪತ್ರದ ಕೆಳಗಿನ ಸಹಿ ನಿಮ್ಮದು. ಆದರೆ ಒಳಗಿರುವ ಆದೇಶದ ಸಂಖ್ಯೆ, ಘಟಕದ ಹೆಸರು, ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ವಿವರ ಯಾರ ಬಾಯಿಂದ ಬಂದದ್ದೆಂದು ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಬಡ್ತಿ ತಡವಾಯಿತೆಂದು ಅಳುತ್ತಿರುವವನ ಮೇಲೆ ಶಿಸ್ತು ಕ್ರಮವನ್ನೂ ಎಳೆದು ಹಾಕುವುದು ಬೇಡ. ನೀವೂ ಸಮವಸ್ತ್ರ ತೊಟ್ಟವರು. ಸಿಟ್ಟು ಇಳಿದ ಮೇಲೆ ಇದನ್ನು ಒಪ್ಪುತ್ತೀರಿ.

ಪತ್ರವನ್ನು ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು ತಾರೀಖುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿಕೊಂಡೆ. ಏಳು ಪುಟದಲ್ಲಿ ಸಿಕ್ಕಿದ್ದು ಆರು. ಗುಮಾಸ್ತನ ವಂಶಾವಳಿಗೆ ಒಂದೂವರೆ ಪುಟ, ಬಡ್ತಿಗೆ ಮೊದಲು ಮಗ ಪಾಸಾಗಬೇಕಿದ್ದ ಕೇಡರ್ ಕೋರ್ಸಿಗೆ ಎರಡು ಸಾಲು. ಆ ಎರಡು ಸಾಲಿನಲ್ಲಿಯೇ ನಿಮ್ಮ ಪ್ರಕರಣ ಇದೆ.

2022ರ ಮೇ ತಿಂಗಳಲ್ಲಿ ಮಗ ಕೇಡರ್ ಕೋರ್ಸ್ ಪಾಸಾದರು. ಆಮೇಲೆ ಘಟಕ ಜಾಗ ಬದಲಾಯಿಸಿತು. ಫಲಿತಾಂಶದ ಪಾರ್ಟ್ ಟು ಆರ್ಡರ್ ಹೊರಬಿದ್ದದ್ದು 2023ರ ಜನವರಿಯಲ್ಲಿ. ಆ ನಡುವೆ, 2022ರ ಸೆಪ್ಟೆಂಬರ್ 1ರಂದು, ಮಗನಿಗಿಂತ ಕಿರಿಯರೊಬ್ಬರಿಗೆ ಬಡ್ತಿ ಸಿಕ್ಕಿತು. ಸೇನೆಯ ಪರಿಚಯವಿಲ್ಲದ ಓದುಗರಿಗೆ ಹೇಳಬೇಕಾದ ಮಾತು: ಪಾರ್ಟ್ ಟು ಆರ್ಡರ್ ಎಂದರೆ ಸೈನಿಕನ ಬದುಕಿನ ದಿನಚರಿ ಇದ್ದಂತೆ. ಮದುವೆಯಾದರೂ ಮಗು ಹುಟ್ಟಿದರೂ ರಜೆಗೆ ಹೋದರೂ ಪರೀಕ್ಷೆ ಪಾಸಾದರೂ ಘಟಕ ಅದನ್ನು ಪ್ರಕಟಿಸಿ ರೆಕಾರ್ಡ್ ಆಫೀಸಿಗೆ ಕಳುಹಿಸಬೇಕು. ಅಲ್ಲಿ ಕುಳಿತವರು ಇಡೀ ರೆಜಿಮೆಂಟಿನ ಹಿರಿತನದ ಪಟ್ಟಿ ಇಟ್ಟುಕೊಂಡಿರುತ್ತಾರೆ. ನಿಮ್ಮ ಮಗನ ಮುಖ ಅವರು ನೋಡಿಲ್ಲ. ಕಾಗದ ಬರುವವರೆಗೆ ಅವರ ಪಾಲಿಗೆ ಮಗ ಪಾಸಾಗಿಲ್ಲ. ನಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಪಟ್ಟೆದಾರ ಎಂಬ ಯಜಮಾನ ಯಾರು ಎಂಬುದನ್ನು ವಯಸ್ಸು ತೀರ್ಮಾನಿಸುತ್ತದೆ, ಅದಕ್ಕೆ ಯಾರ ಮೊಹರೂ ಬೇಡ. ಸೇನೆಯ ಹಿರಿತನಕ್ಕೆ ಬೇಕು.

ಎಂಟು ತಿಂಗಳು ಆ ಕಾಗದ ಎಲ್ಲಿತ್ತು? ಇದೊಂದೇ ಪ್ರಶ್ನೆಯನ್ನು ಹಿಡಿದುಕೊಳ್ಳಿ, ಮಿಕ್ಕ ಎಲ್ಲವನ್ನೂ ಬಿಡಿ.

ಬಿಡಬೇಕಾದದ್ದರಲ್ಲಿ ಮೊದಲನೆಯದು ಪಕ್ಕದ ಮನೆಯ ಹುಡುಗ. ನಿಮಗೆ ನೋವಾಗುತ್ತದೆಂದು ಗೊತ್ತು. 2022ರ ಪುತ್ತರಿ ಸುಗ್ಗಿ ಹಬ್ಬಕ್ಕೆ ಆ ಹುಡುಗ ಊರಿಗೆ ಬಂದಾಗ ಎಲ್ಲರೂ ‘ಸಾಬ್’ ಎಂದು ಕರೆದರು, ನನ್ನ ಮಗ ಕದಿರು ಹಿಡಿದುಕೊಂಡು ಅಂಗಳದ ಅಂಚಿನಲ್ಲಿ ನಿಂತಿದ್ದ ಎಂದು ಬರೆದಿದ್ದೀರಿ. ಏಳು ಪುಟದಲ್ಲಿ ನನ್ನನ್ನು ತಟ್ಟಿದ ವಾಕ್ಯ ಅದು. ಆದರೆ ಮೂರನೆಯ ಪುಟದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಇನ್ನೊಂದು ಮಾತೂ ಇದೆ: 2021ರ ಕೇಡರಿಗೆ ಮಗನ ಹೆಸರು ಬಂದಿತ್ತು, ತಂಗಿಯ ಮದುವೆಗೆಂದು ರಜೆ ಕೇಳಿ ಊರಿಗೆ ಬಂದರು. ಪಕ್ಕದ ಮನೆಯ ಹುಡುಗ ಆ ಕೇಡರ್ ಮುಗಿಸಿದರು. ಮಗ ಬಂದದ್ದು ತಪ್ಪಲ್ಲ. ಅಣ್ಣನಿಲ್ಲದೆ ನಮ್ಮಲ್ಲಿ ಮದುವೆ ಹೇಗೆ ನಡೆಯುತ್ತದೆ? ಆದರೆ ಅದರ ಬೆಲೆಯನ್ನು ರೆಕಾರ್ಡ್ ಆಫೀಸು ಕೊಡುವುದಿಲ್ಲ. 2022ರ ಮೇ ತಿಂಗಳಿಗಿಂತ ಹಿಂದಿನ ಯಾವ ದಿನಾಂಕವನ್ನೂ ನೀವು ಕೇಳುವಂತಿಲ್ಲ, ಅಲ್ಲಿಯವರೆಗೆ ಮಗನಿಗೆ ಅರ್ಹತೆಯೇ ಇರಲಿಲ್ಲ. ಅರ್ಹತೆ ಬಂದ ಮೇಲೆ, ಮೊದಲ ಬಾರಿಗೆ ಕಿರಿಯರೊಬ್ಬರು ದಾಟಿ ಹೋದ ದಿನ 2022ರ ಸೆಪ್ಟೆಂಬರ್ 1. ಅಲ್ಲಿಂದ 2023ರ ನವೆಂಬರ್ 1ಕ್ಕೆ ಹದಿನಾಲ್ಕು ತಿಂಗಳು. ನಿಮ್ಮದು ಹದಿನಾಲ್ಕು ತಿಂಗಳ ಲೆಕ್ಕ, ಇಪ್ಪತ್ತೊಂದರದ್ದಲ್ಲ. ಇಪ್ಪತ್ತೊಂದು ಎಂದು ಬರೆದರೆ ಆ ಕಡೆಯವರು 2021ರ ರಜೆ ಚೀಟಿಯನ್ನು ಮೇಜಿನ ಮೇಲಿಟ್ಟು ಇಡೀ ಅರ್ಜಿಯನ್ನೇ ಸುಳ್ಳು ಮಾಡುತ್ತಾರೆ. ಅದಕ್ಕಿಂತ ರಜೆಯ ಮಾತನ್ನು ನೀವೇ ಮೊದಲು ಹೇಳಿಬಿಡುವುದು ಮೇಲು.

ಕಾರ್ಯಪ್ಪನವರನ್ನು ಎಳೆದು ತಂದದ್ದಕ್ಕೂ ಎರಡು ಮಾತು. 1953ರಲ್ಲಿ ನಿವೃತ್ತರಾದವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ನಿಜ. ಅದಕ್ಕಿಂತ ಹತ್ತಿರದ ಉದಾಹರಣೆ ಮಡಿಕೇರಿಯ ವೃತ್ತವೊಂದಕ್ಕೆ ಹೆಸರಾಗಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಅವರು ಅತಿ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದ್ದರು ಎಂಬುದು ವರ್ಷಗಳ ಮೇಲೆ, ಅದೂ ಗಡಿಯ ಆಚೆಯ ಹೇಳಿಕೆಗಳಿಂದ, ತಿಳಿದುಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷಗಳ ಮೇಲೂ ದಾಖಲೆ ತಿದ್ದಬಹುದಾದರೆ ನಮ್ಮದೇಕೆ ಆಗದು ಎಂದು ನೀವು ಕೇಳಬಹುದು. ಒಂದು ಪದಕ ಕೊಟ್ಟರೆ ಯಾರ ಜಾಗವೂ ಕದಲುವುದಿಲ್ಲ. ಬಡ್ತಿಯ ದಿನಾಂಕ ಹಾಗಲ್ಲ, ಅದು ಸಾಲಿನಲ್ಲಿ ನಿಂತ ಜಾಗ. ನಿಮ್ಮ ಮಗನನ್ನು ಹದಿನಾಲ್ಕು ತಿಂಗಳು ಮುಂದಕ್ಕೆ ನಿಲ್ಲಿಸಿದರೆ ಆ ಅವಧಿಯಲ್ಲಿ ಬಡ್ತಿ ಪಡೆದ ಅಷ್ಟೂ ಜನ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ಅವರಲ್ಲಿ ಯಾರೂ ನಿಮ್ಮ ಕಾಗದವನ್ನು ಬಚ್ಚಿಟ್ಟವರಲ್ಲ. ಅವರಿಗೂ ತಂದೆಯರಿದ್ದಾರೆ, ಅವರ ಊರಲ್ಲೂ ‘ಸಾಬ್’ ಎಂದು ಕರೆಯುವವರಿದ್ದಾರೆ.

ಕಾನೂನೂ ಇದನ್ನೇ ನೋಡುತ್ತದೆ. 1983ರಲ್ಲಿ ಸೇನೆಯಿಂದ ಅನಾರೋಗ್ಯದ ಕಾರಣಕ್ಕೆ ಹೊರಬಂದ ತರ್ಸೇಮ್ ಸಿಂಗ್ ಎಂಬವರು ಅಂಗವೈಕಲ್ಯ ಪಿಂಚಣಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು 1999ರಲ್ಲಿ. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಒಂದು ಗೆರೆ ಎಳೆಯಿತು. ಪಿಂಚಣಿ, ಸಂಬಳದ ತಪ್ಪು ತಿಂಗಳು ತಿಂಗಳೂ ಮರುಕಳಿಸುವ ತಪ್ಪು. ತಡವಾಗಿ ಬಂದರೂ ಕೇಳಬಹುದು, ಬಾಕಿ ಮಾತ್ರ ಅರ್ಜಿ ಹಾಕುವ ಮುಂಚಿನ ಮೂರು ವರ್ಷದ್ದು. ಹಿರಿತನ, ಬಡ್ತಿಯ ವಿಷಯ ಬೇರೆಯವರನ್ನೂ ತಟ್ಟುವುದರಿಂದ ತಡ ಮಾಡಿದರೆ ಬೇಡಿಕೆಯೇ ಹಳಸಿಹೋಗುತ್ತದೆ. ನೀವು ‘ಹದಿನೆಂಟು ವರ್ಷದ ಮೇಲೂ ಪಿಂಚಣಿ ಕೇಸು ಗೆದ್ದ’ ನಿಮ್ಮ ಗೆಳೆಯರ ಮಾತು ನಂಬಿಕೊಂಡು ಕೂತಿದ್ದೀರಿ. ಅವರದು ಗೆರೆಯ ಆ ಬದಿ, ನಿಮ್ಮದು ಈ ಬದಿ.

ಈಗ ಅತಿ ಮುಖ್ಯವಾದ ವಿಷಯ. ಮಗ ಬರವಣಿಗೆಯಲ್ಲಿ ಏನಾದರೂ ಕೊಟ್ಟಿದ್ದಾರೆಯೆ? “ಸಿಒ ಸಾಹೇಬರಿಗೆ ಹೇಳಿದ್ದಾನೆ” ಎಂದು ಘಟಕದ ಮುಖ್ಯಾಧಿಕಾರಿಯ ಬಗ್ಗೆ ಬರೆದಿದ್ದೀರಿ. ಹೇಳಿದ್ದಕ್ಕೆ ಸ್ವೀಕೃತಿ ಇರುವುದಿಲ್ಲ. ರಕ್ಷಣಾ ಸಚಿವರಿಗೆ ನೀವು ಬರೆದ ಮೂರು ಪತ್ರಗಳಿಗೆ ಸ್ವೀಕೃತಿ ಇದೆ, ಆದರೆ ಅವು ನಿಮ್ಮ ಪತ್ರಗಳು. 1950ರ ಸೇನಾ ಕಾಯ್ದೆಯ 26ನೇ ಕಲಂ ದೂರು ಕೊಡುವ ಹಕ್ಕನ್ನು ಅನ್ಯಾಯಕ್ಕೆ ಒಳಗಾದ ಸೈನಿಕನಿಗೇ ಕೊಟ್ಟಿದೆ. ತಂದೆಗೂ ಇಲ್ಲ, ಊರ ಹಿರಿಯರಿಗೂ ಇಲ್ಲ. ಕಮಿಷನ್ಡ್ ಅಧಿಕಾರಿಗಳಿಗೆ ಇರುವುದು 27ನೇ ಕಲಂ. ನಾಯಬ್ ಸುಬೇದಾರರಿಗೆ 26. ತನ್ನ ಕಂಪನಿಯ ಅಧಿಕಾರಿಯಿಂದ ಮೊದಲುಗೊಂಡು ಮೇಲಕ್ಕೆ ಹೋಗುವ ದಾರಿ ಅದು. ದೂರು ಪಡೆದ ಅಧಿಕಾರಿ ಪೂರ್ಣ ವಿಚಾರಣೆ ಮಾಡಲೇಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆರು ತಿಂಗಳಲ್ಲಿ ಅಂತಿಮ ಆದೇಶ ಬರದಿದ್ದರೆ ಇಲಾಖೆಯೊಳಗಿನ ದಾರಿ ಮುಗಿಯಿತು ಎಂದೇ ಲೆಕ್ಕ. ಆಗ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯ್ದೆಯಡಿ ಹುಟ್ಟಿ 2009ರಿಂದ ಕೆಲಸ ಮಾಡುತ್ತಿರುವ ಮಂಡಳಿ ಅದು. ಅಂತಿಮ ಆದೇಶ ಬಂದರೆ, ಬಂದ ದಿನದಿಂದ ಆರು ತಿಂಗಳೊಳಗೆ ಅಲ್ಲಿ ಅರ್ಜಿ ಬೀಳಬೇಕು. ತಡವಾದರೆ ಕಾರಣ ಒಪ್ಪಿಸಬೇಕು.

“ಜ್ಞಾಪನ ಪತ್ರ ಹಾಕುತ್ತಲೇ ಇರಲೇ?” ಎಂಬ ನಿಮ್ಮ ಪ್ರಶ್ನೆಗೆ, ಬೇಡ. ಹಳೆಯ ವಿಷಯಕ್ಕೆ ಹೊಸ ಮನವಿ ಹಾಕಿ, ಬಂದ ಉತ್ತರವನ್ನು ಹಿಡಿದು ಕಾಲಮಿತಿಯನ್ನು ಮತ್ತೆ ಮೊದಲಿನಿಂದ ಎಣಿಸುವಂತಿಲ್ಲ ಎಂದು ಅದೇ 2008ರ ಇನ್ನೊಂದು ತೀರ್ಪು ಹೇಳಿದೆ.

ಕರ್ನಾಟಕದವರಿಗೆ ನ್ಯಾಯಮಂಡಳಿಯ ಪೀಠ ಕೊಚ್ಚಿಯಲ್ಲಿದೆ. ರೈಲು ಕಾಣದ ಜಿಲ್ಲೆಯವರಾದ ನಮಗೆ ದೂರ ಎನಿಸಿದರೂ ನಿಮ್ಮ ಕಡೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ, ಕಣ್ಣೂರಿನಲ್ಲಿ ರೈಲು ಹತ್ತಿದರಾಯಿತು. ಬೆಂಗಳೂರಿಗೆ ಓಡುವುದು ಬೇಡ. ನ್ಯಾಯಮಂಡಳಿಗೆ ಹೋಗುವ ಮಾತು ಆಮೇಲಿನದು. ಎಷ್ಟೋ ದಿನಾಂಕಗಳು ದೂರಿನ ಹಂತದಲ್ಲಿಯೇ ಸರಿಹೋಗುತ್ತವೆ, ಏಕೆಂದರೆ ತಡವಾದ ಕಾಗದ ತಾನೇ ಸಾಕ್ಷಿ ಹೇಳುತ್ತದೆ.

ಆ ಸಾಕ್ಷಿಯನ್ನು ಕೂಡಿಸಿಕೊಳ್ಳಬೇಕು. ಕೋರ್ಸಿನ ಫಲಿತಾಂಶ, ತಡವಾಗಿ ಬಂದ ಪಾರ್ಟ್ ಟು ಆರ್ಡರಿನ ಪ್ರತಿ ನಿಮ್ಮಲ್ಲಿವೆ. ಇಲ್ಲದಿರುವುದು 2022ರ ಸೆಪ್ಟೆಂಬರಿನ ಬಡ್ತಿ ಆದೇಶ ಮತ್ತು ಆಗಿನ ಹಿರಿತನದ ಪಟ್ಟಿಯಲ್ಲಿ ಮಗನ ಕ್ರಮಸಂಖ್ಯೆ. ಘಟಕ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅದನ್ನೂ ಮಗನೇ ಕೇಳಲಿ. ನೀವು ಕೇಳಿದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ಬಾಗಿಲು ಹಾಕಬಹುದು.

ದೂರು ಒಂದು ಪುಟ ದಾಟಬಾರದು. ಹೀಗಿದ್ದರೆ ಸಾಕು: “ನಾನು 2022ರ ಮೇ ತಿಂಗಳಲ್ಲಿ ಬಡ್ತಿ ಕೇಡರ್ ಪಾಸಾಗಿದ್ದೇನೆ. 2021ರ ಕೇಡರಿಗೆ ನಾನು ರಜೆಯಲ್ಲಿದ್ದ ಕಾರಣ ಹಾಜರಾಗಿರಲಿಲ್ಲ. ಆ ಅವಧಿಗೆ ನನ್ನ ಬೇಡಿಕೆ ಇಲ್ಲ. ಫಲಿತಾಂಶದ ಪಾರ್ಟ್ ಟು ಆರ್ಡರ್ 2023ರ ಜನವರಿಯಲ್ಲಿ ಪ್ರಕಟವಾಯಿತು. ಈ ವಿಳಂಬದಲ್ಲಿ ನನ್ನ ಪಾತ್ರವಿಲ್ಲ. ಈ ನಡುವೆ 2022ರ ಸೆಪ್ಟೆಂಬರ್ 1ರಂದು ನನಗಿಂತ ಕಿರಿಯರಿಗೆ ಬಡ್ತಿ ನೀಡಲಾಗಿದೆ. ಅಂದು ನಾನು ಬಡ್ತಿಗೆ ಬೇಕಾದ ಎಲ್ಲ ಅರ್ಹತೆ ಹೊಂದಿದ್ದೆ. ಆದುದರಿಂದ ನನ್ನ ಬಡ್ತಿ ಮತ್ತು ಹಿರಿತನವನ್ನು ಆ ದಿನದಿಂದ ಪರಿಗಣಿಸಿ, ಸಂಬಳವನ್ನು ಅದರಂತೆ ನಿಗದಿಪಡಿಸಬೇಕೆಂದು ಕೋರುತ್ತೇನೆ.” ಗುಮಾಸ್ತನ ಹೆಸರು ಎಲ್ಲಿಯೂ ಬೇಡ. ‘ಎಲ್ಲ ಅರ್ಹತೆ’ ಎಂಬ ಮಾತನ್ನು ಬರೆಯುವ ಮೊದಲು ಆ ದಿನ ಮಗನ ವೈದ್ಯಕೀಯ ದರ್ಜೆ, ವಾರ್ಷಿಕ ವರದಿಗಳು ಸರಿಯಿದ್ದವೇ ಎಂದು ಮಗನನ್ನೇ ಕೇಳಿ; ತಂದೆಗೆ ಹೇಳದ ಸಂಗತಿಗಳು ಮಕ್ಕಳಿಗೆ ಇರುತ್ತವೆ.

ದುಡ್ಡಿನ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಹವಾಲ್ದಾರರ ಸಂಬಳ ಐದನೆಯ ಹಂತದ್ದು, ನಾಯಬ್ ಸುಬೇದಾರರದು ಆರನೆಯದು. ಹದಿನಾಲ್ಕು ತಿಂಗಳ ವ್ಯತ್ಯಾಸದಿಂದ ತೋಟಕ್ಕೆ ಬೇಲಿ ಹಾಕಿಸಬಹುದು, ತೋಟ ಕೊಳ್ಳಲಾಗದು. ಅದೂ ಸಿಗದೆ, ಹಿರಿತನ ಕೊಟ್ಟು ಬಾಕಿ ನಿರಾಕರಿಸುವುದೂ ಉಂಟು: ಆ ಹುದ್ದೆಯ ಕೆಲಸ ಮಾಡಿಲ್ಲ, ಸಂಬಳ ಏಕೆ ಎಂಬ ವಾದ. ದುಡಿಯಲು ಸಿದ್ಧನಿದ್ದವನನ್ನು ಅವನ ತಪ್ಪಿಲ್ಲದೆ ದೂರ ಇಟ್ಟಾಗ ಈ ವಾದ ಸಲ್ಲದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆ, ಆದ್ದರಿಂದ ಕೇಳುವುದನ್ನು ಕೇಳಿ. ನಿಜವಾದ ಗಂಟು ಮುಂದಿದೆ. ಎರಡು ವರ್ಷದ ವಿಸ್ತರಣೆ ಸೇರಿಸಿಕೊಂಡರೆ ನಾಯಬ್ ಸುಬೇದಾರರ ಸೇವೆ 28 ವರ್ಷ, ಸುಬೇದಾರರದು 30. ಮಗನ 28 ವರ್ಷ 2032ಕ್ಕೆ ತುಂಬುತ್ತದೆ. ಅಷ್ಟರೊಳಗೆ ಸುಬೇದಾರರಾಗುವರೋ ಇಲ್ಲವೋ ಎಂಬುದು ಸಾಲಿನಲ್ಲಿ ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ನಿಂತಿದೆ. ಇವತ್ತಿನ ಹದಿನಾಲ್ಕು ತಿಂಗಳು ಆಗ ಎರಡು ವರ್ಷದ ಸೇವೆಯಾಗಿ, ಜೀವನಪೂರ್ತಿ ಪಿಂಚಣಿಯಾಗಿ ಎದುರು ನಿಲ್ಲುತ್ತದೆ. ಈ ಕಾರಣಕ್ಕೆ ದೂರು ಕೊಡುವುದು ಯೋಗ್ಯ ಎಂಬುದು ನನ್ನ ಅಭಿಪ್ರಾಯ. ಪಕ್ಕದ ಮನೆಯ ಕಾರಣಕ್ಕಲ್ಲ.

ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ನಿವೃತ್ತರಿಗೆ ಮಾತ್ರ ಎಂದು ನೀವು ತಿಳಿದಂತಿದೆ. ಸೇವೆಯಲ್ಲಿರುವವರ ಕುಟುಂಬದವರೂ ಅಲ್ಲಿಗೆ ಹೋಗಬಹುದು. ಕರಡನ್ನು ಒಮ್ಮೆ ತೋರಿಸಿ.

ಇನ್ನು, ಪಾರ್ಟ್ ಟು ಆರ್ಡರಿನ ಸಹಿ ಮೊಹರು ಇರುವ ಪ್ರತಿಯನ್ನೇ ಪತ್ರಿಕೆಗೆ ಕಳುಹಿಸಿಬಿಟ್ಟಿದ್ದೀರಿ. ಕಾಳುಮೆಣಸಿನ ಚೀಲದ ಪಕ್ಕದಲ್ಲಿ ಇಟ್ಟಿದ್ದಿರಿ ಎಂದು ಕಾಣುತ್ತದೆ, ಲಕೋಟೆ ಒಡೆದಾಗ ಕಚೇರಿ ತುಂಬ ಘಮ. ಒಂದು ಮೂಲೆಗೆ ಆಗಲೇ ಬೂಷ್ಟು ಹಿಡಿದಿದೆ. ನಮ್ಮ ಮಳೆಗಾಲಕ್ಕೆ ಒಂದು ಜೂನ್ ತಿಂಗಳು ಸಾಕು, ಅಕ್ಷರ ಉಳಿಯುವುದಿಲ್ಲ. ಎಲ್ಲವನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಗುಮಾಸ್ತನ ವಂಶಾವಳಿಯಿದ್ದ ಹಾಳೆಗಳೂ ಅದರಲ್ಲಿವೆ, ಪ್ರತಿ ಇಟ್ಟುಕೊಂಡಿಲ್ಲ. ತಾರೀಖುಗಳನ್ನು ಇಳಿಸಿಕೊಂಡ ನನ್ನ ಪೆನ್ಸಿಲ್ ಹಾಳೆಯನ್ನು ಮೇಲುಗಡೆ ಪಿನ್ ಮಾಡಿದ್ದೇನೆ. ಅದನ್ನು ಮಗನಿಗೆ ಕಳುಹಿಸಿ.

— ಸಂಪಾದಕ