ರೇಷ್ಮೆ ಹುಳುವಿನ ಮೈಮೇಲೆ ಕಪ್ಪು ಕಲೆ: ಪುಡಿ ಎರಚುವ ಮೊದಲು

*ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ನಮ್ಮ ರೇಷ್ಮೆ ಹುಳುಗಳ ಮೈಮೇಲೆ ಕಪ್ಪು ಕಲೆ ಕಾಣ್ತಿದೆ ಸರ್. ಊರಿಗೆ ಬಂದವರೊಬ್ಬರು ರಕ್ತ ಕೆಟ್ಟಿದೆ ಅಂತ ಹೇಳಿ ಒಂದು ಪುಡಿ ಕೊಟ್ಟಿದ್ದಾರೆ. ಎರಚಬಹುದಾ? (ಮಳವಳ್ಳಿ ಕಡೆಯ ರೈತರು)*

ಎರಚಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪುಡಿಯ ಹೆಸರು ಮಾತ್ರ ಬೇರೆ. ಆದ್ದರಿಂದ ಈ ಸಲ ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ರಕ್ತ ಕೆಟ್ಟಿಲ್ಲ. ರಕ್ತ ತನ್ನ ಕೆಲಸ ಮಾಡಿದೆ. ಹುಳುವಿನ ಮೈಯಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಅದು ಡೋಪಾ ಆಗಿ, ಡೋಪಮೀನ್ ಆಗಿ, ಕೊನೆಗೆ ಮೆಲನಿನ್ ಎಂಬ ಕಪ್ಪು ಬಣ್ಣವಾಗುತ್ತದೆ. ಚರ್ಮದ ಮಾಮೂಲಿ ಬಣ್ಣಕ್ಕೆ ಲ್ಯಾಕೇಸ್ ಎಂಬ ಕಿಣ್ವ ಬೇಕು. ಗಾಯವಾದರೆ ರಕ್ತದಲ್ಲಿರುವ ಫೀನಾಲ್ ಆಕ್ಸಿಡೇಸ್ ಎದ್ದೇಳುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕಿಣ್ವದಿಂದ. ಆರೋಗ್ಯವಾಗಿರುವ ಹುಳುವಿನಲ್ಲಿ ಈ ಕಿಣ್ವ ಸುಮ್ನೆ ಮಲಗಿರಬೇಕು. ಯಾಕೆಂದರೆ ಮೆಲನಿನ್ ಆಗುವ ದಾರಿಯಲ್ಲಿ ಹುಟ್ಟುವ ವಸ್ತುಗಳು ಹುಳುವಿನ ಜೀವಕೋಶಗಳಿಗೂ ವಿಷ. ಹಾಗಾಗಿ ಗಾಯವಾದ ಕಡೆ ಮಾತ್ರ ಕಪ್ಪು ಕಟ್ಟುತ್ತದೆ.

ಅಂದರೆ ನೀವು ಕೇಳಬೇಕಾದದ್ದು ಗಾಯ ಮಾಡಿದ್ದು ಯಾರು ಅಂತ. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿ. ಒಂದೋ ಎರಡೋ ದೊಡ್ಡ ಕಪ್ಪು ಕಲೆ ಇದೆಯಾ? ಹತ್ತಿರದಲ್ಲಿ ಕೆನೆ ಬಣ್ಣದ ಸಣ್ಣ ಮೊಟ್ಟೆಯೋ ಅದರ ಸಿಪ್ಪೆಯೋ ಅಂಟಿದೆಯಾ? ಹಾಗಿದ್ದರೆ ಅದು ಊಜಿ ನೊಣ. 1980ರಲ್ಲಿ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದದ್ದು ಇನ್ನೂ ಹೋಗಿಲ್ಲ. ಮೊಟ್ಟೆ ಎರಡು ಮೂರು ದಿನದಲ್ಲಿ ಒಡೆದು, ಮರಿ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹುಳು ಅದರ ಸುತ್ತ ಮೆಲನಿನ್ ಗೋಡೆ ಕಟ್ಟುತ್ತದೆ. ಈ ಗುಂಪಿನ ನೊಣಗಳ ಮರಿಗಳು ಆ ಗೋಡೆಯನ್ನೇ ಉಸಿರಾಟದ ಕೊಳವೆ ಮಾಡಿಕೊಂಡು, ಬಾಲದ ತುದಿಯನ್ನು ತೂತಿಗೆ ಕೊಟ್ಟು, ಒಳಗೆ ಕೂತು ತಿನ್ನುತ್ತವೆ. ತನ್ನನ್ನು ಕಾಪಾಡಲು ಹುಳು ಕಟ್ಟಿದ್ದೇ ಶತ್ರುವಿಗೆ ಉಸಿರು ಕೊಡುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಲೆ ಕಂಡಾಗ ಮರಿ ಒಳಗೆ ಸೇರಿಯಾಗಿದೆ. ಮೇಲಿನಿಂದ ಯಾವ ಪುಡಿ ಎರಚಿದರೂ ಅದಕ್ಕೆ ಬಾಧೆಯಿಲ್ಲ. ಕಲೆ ಇರುವ ಹುಳು ಆರಿಸಿ ತೆಗೆದು ನಾಶ ಮಾಡಿ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಹಾಕಿ, ನೆಲದ ಬಿರುಕು ಮುಚ್ಚಿ. ನೊಣದ ಕೋಶ ಅಲ್ಲೇ ಅಡಗಿರುತ್ತದೆ.

ಹಾಗಲ್ಲದೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆ ತುಂಬಾ ಇದ್ದು, ಹುಳುಗಳು ಒಂದೇ ಸಮ ಬೆಳೆಯದಿದ್ದರೆ, ನನಗೆ ಗಂಟು ರೋಗದ (ಪೆಬ್ರಿನ್ ಎಂಬ ಸೋಂಕು) ಭಯ. ಅದು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಕಣ್ಣಂದಾಜಿನಲ್ಲಿ ತೀರ್ಮಾನ ಮಾಡಬೇಡಿ. ಇವತ್ತೇ ಕೆಲವು ಹುಳುಗಳನ್ನು ಹತ್ತಿರದ ರೇಷ್ಮೆ ಇಲಾಖೆ ಕಚೇರಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ರೋಗ ಖಚಿತವಾದರೆ ನಾನಂತೂ ಒಂದು ತಟ್ಟೆಯನ್ನೂ ಉಳಿಸಿಕೊಳ್ಳಿ ಅನ್ನುವುದಿಲ್ಲ. ಎಲ್ಲ ಸುಟ್ಟು, ಮನೆ ಸೋಂಕು ನಿವಾರಣೆ ಮಾಡಿ. ನಷ್ಟ ದೊಡ್ಡದು, ಗೊತ್ತು. ಮುಂದಿನ ಬೆಳೆಯೂ ಹೋದರೆ ಇನ್ನೂ ದೊಡ್ಡದು.

ಪುಡಿ ಮಾರುವವರಿಗೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿದ್ದರೆ ಎರಡಕ್ಕೂ ಒಂದೇ ಪೊಟ್ಟಣ ಕೊಡುತ್ತಿರಲಿಲ್ಲ.

*ಚಾಕಿ ಹುಳು (ರೇಷ್ಮೆಯ ಎಳೆ ಹುಳು) ಮೊಟ್ಟೆಯಿಂದ ಬರುವಾಗಲೇ ಕಪ್ಪಗಿದೆ. ರೋಗವಾ?*

ಅಲ್ಲ. ಹುಟ್ಟುವುದೇ ಹಾಗೆ.

*ಅಡುಗೆಮನೆಯಲ್ಲಿ ಬಿಳಿ ಜಿರಳೆ ಕಂಡಿತು. ಔಷಧಿ ಹೊಡೆಯುವವರು ಹೊಸ ವಿಷದ ತಳಿ ಅಂದು ಜಾಸ್ತಿ ದುಡ್ಡು ಕೇಳಿದರು. (ಮೈಸೂರು)*

ಕೊಡಬೇಡಿ. ಅದು ಆಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಳೆ. ಬರ್ಸಿಕಾನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಕೆಲವೇ ಗಂಟೆಗಳಲ್ಲಿ ಚರ್ಮ ಗಟ್ಟಿಯಾಗಿ ಕಂದಾಗುತ್ತದೆ.

*ಭತ್ತದ ಗದ್ದೆಯ ಸೈನಿಕ ಹುಳು ಹೋದ ಸಲ ಹಸಿರಿತ್ತು, ಈ ಸಲ ಕಪ್ಪು. ಬೇರೆ ಜಾತಿಯಾ?*

ಒಂದೇ ಜಾತಿ. ಗುಂಪು ದಟ್ಟವಾದರೆ ಹಾರ್ಮೋನಿನ ಆಜ್ಞೆಯಿಂದ ಕಪ್ಪಾಗುತ್ತದೆ. ಬಣ್ಣದ ಚರ್ಚೆ ಬಿಟ್ಟು, ಸಂಖ್ಯೆ ಮಿತಿ ಮೀರಿದೆ ಅಂತ ತಿಳಿದು ಕೂಡಲೇ ಕೃಷಿ ಅಧಿಕಾರಿಗೆ ಹೇಳಿ.

*ಕರಿಬೇವಿನ ಗಿಡದಲ್ಲಿ ಮೊದಲು ಹಕ್ಕಿ ಹಿಕ್ಕೆಯಂಥ ಕಪ್ಪು-ಬಿಳಿ ಹುಳು, ಈಗ ದಪ್ಪ ಹಸಿರು ಹುಳು. ಎರಡಕ್ಕೂ ಬೇರೆ ಔಷಧಿ ಬೇಕಾ?*

ಎರಡೂ ಒಂದೇ ಚಿಟ್ಟೆಯ ಮರಿಗಳು. ಬಾಲ್ಯದ ಹಾರ್ಮೋನು ಜಾಸ್ತಿ ಇರುವವರೆಗೆ ಹಿಕ್ಕೆಯ ವೇಷ, ಅದು ಇಳಿದಾಗ ಮುಂದಿನ ಪೊರೆಯಲ್ಲಿ ಹಸಿರು. ಇದರ ಹತ್ತಿರದ ಬಂಧುವೊಂದರಲ್ಲಿ ಜಪಾನಿನ ವಿಜ್ಞಾನಿಗಳು 2008ರಲ್ಲೇ ಇದನ್ನು ತೋರಿಸಿದ್ದಾರೆ. ಗಿಡ ಎಳೆಯದಾದರೆ ಹುಳುಗಳನ್ನು ಕೈಯಲ್ಲಿ ತೆಗೆಯಿರಿ, ದೊಡ್ಡದಾದರೆ ಬಿಟ್ಟುಬಿಡಿ. ಒಗ್ಗರಣೆಗೆ ಹಾಕುವ ಎಲೆಗೆ ಔಷಧಿ ಹೊಡೆಯುವ ಮಾತೇ ಬೇಡ.